ನಿಗಾ ತೋಟಕ್ಕಷ್ಟೇ ಸಾಕೆ?



ನಮ್ಮದೇ ಒಂದು ತಪ್ಪಿನಿಂದ ಈ ಲೇಖನವನ್ನು ಆರಂಭಿಸುತ್ತೇವೆ. ಮುಂಗಾರಿಗೆ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದಿನ ಅದು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡಬೇಕು, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು ಎಂಬುದೂ ಹೊಸದಲ್ಲ. ಆದರೆ ಕತ್ತಿ ಕೈಗೆತ್ತಿಕೊಂಡ ಹೊತ್ತಿಗೇ ಮೊಬೈಲ್ ಕೂಗಿತು. ಅಡಿಕೆ ಧಾರಣೆಯ ಸುದ್ದಿ. ಮಾತು ಮುಗಿಸಿ ಬಂದಾಗ ಕತ್ತಿ ಅದ್ದಿದೆವೋ ಇಲ್ಲವೋ ನೆನಪಿಲ್ಲ. ಅದ್ದಿದ್ದೇವೆ ಎಂದೇ ಭಾವಿಸಿ ಹೊಡೆಸಿದೆವು. ಕೆಲವೇ ದಿನಗಳಲ್ಲಿ ಒಂದು ಸಾಲಿನ ಮರಗಳ ಎಳೆಗಾಯಿ ಸುಟ್ಟಂತಾಯಿತು. ತಪ್ಪು ಮೈಲುತುತ್ತದ್ದಲ್ಲ, ಮರ ಹತ್ತಿದವನದ್ದಲ್ಲ, ಸುದ್ದಿ ಕೊಟ್ಟ ಮಿತ್ರರದ್ದೂ ಅಲ್ಲ. ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಇದ್ದುದೇ ತಪ್ಪು.

ಮಾಡುವ ಕೆಲಸದಲ್ಲಿ ಮನಸ್ಸಿಟ್ಟಿರುವುದಕ್ಕೆ ಈಗ ದೊಡ್ಡ ದೊಡ್ಡ ಹೆಸರುಗಳಿವೆ. ಬೌದ್ಧರು ಇದನ್ನು ಪಾಲಿ ಭಾಷೆಯಲ್ಲಿ 'ಸತಿ' ಎಂದು ಕರೆದು ಎರಡು ಸಾವಿರ ವರ್ಷಕ್ಕೂ ಮೇಲಾಯಿತು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬತ್ ಝಿನ್ ಎಂಬುವರು ರೋಗಿಗಳಿಗೆ ಇದನ್ನೇ ಪಾಠವಾಗಿ ಕಲಿಸಲು ತೊಡಗಿದರು. ಪೇಟೆಗಳಲ್ಲಿ ಈಗ ಇದಕ್ಕೆ ಶುಲ್ಕ ಕಟ್ಟಿ ಕಲಿಯುವವರಿದ್ದಾರೆ. ನಮ್ಮ ಕಡೆ ಇದಕ್ಕೆ ಹತ್ತಿರದ ಮಾತು 'ನಿಗಾ'. ನಿಗಾ ಇಲ್ಲದ ತೋಟ ಉಳಿಯುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ನಿಜ ಹೇಳಬೇಕೆಂದರೆ ನಮ್ಮ ಕಸುಬೇ ಈ ವಿದ್ಯೆಯ ಶಾಲೆ. ಅರೇಬಿಕಾ ಗಿಡದ ಬುಡದಲ್ಲಿ ತೊಗಟೆ ಎಲ್ಲಿ ಉಬ್ಬಿದೆ, ಯಾವ ಗಿಡ ಸುಮ್ಮನೆ ಹಳದಿಯಾಗಿದೆ ಎಂದು ನೋಡದೆ ಕಾಂಡಕೊರಕವನ್ನು ಹಿಡಿಯಲಾಗದು. ಏಪ್ರಿಲ್-ಮೇಯಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ ದುಂಬಿ ಹೊರಬೀಳುವ ಮುಂಚೆಯೇ ಗಿಡಗಿಡಕ್ಕೂ ನಿಂತು ನೋಡಬೇಕು. ಕೊಯ್ಲಿನಲ್ಲಿ ಹಣ್ಣನ್ನು ಬಿಟ್ಟು ಕಾಯಿ ಕಿತ್ತರೆ ಪಾರ್ಚ್‌ಮೆಂಟಿನ ಗುಣ ಹೋಯಿತು. ಅಡಿಕೆ ಸುಲಿಯುವವರ ಗಮನ ಒಂದು ಗಳಿಗೆ ತಪ್ಪಿದರೆ ಮೆಟ್ಟುಗತ್ತಿ ಬೆರಳನ್ನು ಬಿಡುವುದಿಲ್ಲ. ಇಷ್ಟೆಲ್ಲ ಬಲ್ಲ ನಾವು ಆ ನಿಗಾವನ್ನು ಕಳೆದುಕೊಳ್ಳುತ್ತಿರುವುದು ಎಲ್ಲಿ?

ಬಹುಮಟ್ಟಿಗೆ ಧಾರಣೆಯ ಚಿಂತೆಯಲ್ಲಿ ಎಂದು ನಮ್ಮ ಅಭಿಪ್ರಾಯ. ಹಿಂದೆ ಕಾಫಿ ಮಂಡಳಿಯ ಪೂಲ್ ಪದ್ಧತಿಯಿದ್ದಾಗ ಪಾಯಿಂಟಿನ ಲೆಕ್ಕದಲ್ಲಿ ಹಣ ಕಂತುಕಂತಾಗಿ ಬರುತ್ತಿತ್ತು. ಆ ಕಾಯುವಿಕೆಯಲ್ಲಿ ಬೇಕಾದಷ್ಟು ಕಷ್ಟವಿತ್ತು, ಅದನ್ನು ನಾವು ಹೊಗಳುವುದಿಲ್ಲ. 1990ರ ದಶಕದಲ್ಲಿ ಆ ಪದ್ಧತಿ ಹೋಗಿ ಮುಕ್ತ ಮಾರುಕಟ್ಟೆ ಬಂತು. ಈಗ ಬೆಲೆ ಜೇಬಿನೊಳಗೇ ಗಳಿಗೆಗೊಮ್ಮೆ ಬದಲಾಗುತ್ತದೆ. 1975ರ ಜುಲೈಯಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟು, 1977ರಲ್ಲಿ ಲೋಕದ ಕಾಫಿ ಬೆಲೆ ಆಕಾಶಕ್ಕೇರಿತು. 2001ರ ಹೊತ್ತಿಗೆ ಅದೇ ಬೆಲೆ ಪಾತಾಳ ಕಂಡಿತು. 2024ರ ಡಿಸೆಂಬರಿನಲ್ಲಿ ಅರೇಬಿಕಾ 1977ರ ದಾಖಲೆಯನ್ನೂ ಮೀರಿತು. ಈ ಏರಿಳಿತಗಳಲ್ಲಿ ಒಂದನ್ನಾದರೂ ನಾವು ಮೊಬೈಲ್ ನೋಡಿ ತಡೆದದ್ದುಂಟೇ? ಬೆಲೆ ತಿಳಿದಿರಬೇಕು, ಮಾರುವ ದಿನ ಚೆನ್ನಾಗಿಯೇ ತಿಳಿದಿರಬೇಕು. ಆದರೆ ಕಾಫಿ ಗಿಡ ಫಲಕ್ಕೆ ಬರಲು 3-4 ವರ್ಷ ಬೇಕು, ಅಡಿಕೆ ಸಸಿಗೆ 5-6 ವರ್ಷ ಬೇಕು. ನೆಟ್ಟ ಅಡಿಕೆಯ ಫಸಲನ್ನು ಮಕ್ಕಳೂ ಉಣ್ಣುತ್ತಾರೆ. ಇಂಥ ದೀರ್ಘ ಕಾಲದ ಕಸುಬನ್ನು ಹಿಡಿದವರು ಗಳಿಗೆಗೊಮ್ಮೆ ಸಂತೋಷ, ಗಳಿಗೆಗೊಮ್ಮೆ ದುಃಖ ಪಡುತ್ತಾ ಬಾಳಿದರೆ ಕಸುಬಿನ ಉದ್ದೇಶವೇ ಮರೆತುಹೋಗುತ್ತದೆ.

ಇನ್ನೊಂದು ಮಾತು ಹೇಳಲು ಸ್ವಲ್ಪ ಸಂಕೋಚ, ಆದರೂ ಹೇಳುತ್ತೇವೆ. ಒಂದು ಸಂಜೆ ನಮ್ಮ ಮನೆಯವರು, "ಗಿಡಕ್ಕೆ ಹುಳ ಬಿದ್ದರೆ ನಿಮಗೆ ಮಾರು ದೂರದಿಂದಲೇ ಕಾಣುತ್ತೆ. ನನಗೆ ಮೂರು ದಿನದಿಂದ ಜ್ವರ, ಅದು ಕಾಣಲಿಲ್ಲ ನೋಡಿ" ಎಂದರು. ಉತ್ತರ ಕೊಡಲಾಗಲಿಲ್ಲ. ತೋಟದ ಮೇಲೆ ಇಡುವ ನಿಗಾದಲ್ಲಿ ನಾಲ್ಕನೆಯ ಒಂದು ಭಾಗವನ್ನು ಮನೆಯವರ ಮೇಲೆ, ಆಳುಗಳ ಮೇಲೆ, ನಮ್ಮ ಮೈಯ ಮೇಲೆ ಇಟ್ಟಿದ್ದೇವೆಯೇ? ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಎಲ್ಲಕ್ಕಿಂತ ಗಂಭೀರವಾದುದು ಜೀವದ ವಿಷಯ. ಮೆಣಸು ಕೊಯ್ಯುವಾಗ, ಮರಗಸಿ ಮಾಡುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಕಾರ್ಮಿಕರು ಸತ್ತ ಸುದ್ದಿಯನ್ನು ಮಲೆನಾಡಿನಲ್ಲಿ, ಕೊಡಗಿನಲ್ಲಿ ಮತ್ತೆ ಮತ್ತೆ ಓದುತ್ತಲೇ ಇದ್ದೇವೆ. ತಂತಿ ಅಲ್ಲಿರುವುದು ಮಾಲೀಕನಿಗೂ ಗೊತ್ತು, ಏಣಿ ಹಿಡಿದವನಿಗೂ ಗೊತ್ತು. ಗೊತ್ತಿರುವುದು ಬೇರೆ, ಆ ಹೊತ್ತಿಗೆ ತಲೆಯೆತ್ತಿ ನೋಡುವುದು ಬೇರೆ. ಒಂದು ಕುಟುಂಬದ ಬಾಳು ಆ ಒಂದು ನೋಟದ ಮೇಲೆ ನಿಂತಿದೆ.

"ಇದೆಲ್ಲ ಹೊಟ್ಟೆ ತುಂಬಿದವರ ಮಾತು, ನಿಗಾ ಇಟ್ಟರೆ ಸಾಲ ತೀರುತ್ತದೆಯೇ?" ಎಂದು ಸಣ್ಣ ಹಿಡುವಳಿಯ ಸದಸ್ಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ತೀರುವುದಿಲ್ಲ. ಎಲೆಚುಕ್ಕಿ ರೋಗ ಕಣ್ಣು ಮುಚ್ಚಿ ಕುಳಿತರೆ ಹೋಗುವುದಿಲ್ಲ, ತಪ್ಪಿದ ಹೂಮಳೆ ಬರುವುದಿಲ್ಲ. ಸಂಘ, ಸರಕಾರ ಮಾಡಬೇಕಾದ ಕೆಲಸವನ್ನು ಬೆಳೆಗಾರನ ಮನಸ್ಸಿನ ಮೇಲೆ ಹೊರಿಸುವುದೂ ಸಲ್ಲದು. ಆದರೆ ಸಾಲಗಾರನಿಗೇ ನೆಟ್ಟಗಿನ ತಲೆ ಹೆಚ್ಚು ಬೇಕು. ಬಾಕಿ ಎಷ್ಟು, ಬಡ್ಡಿ ಎಷ್ಟು, ಯಾವ ಖರ್ಚು ತಡೆಯಬಹುದು ಎಂದು ಕಾಗದದ ಮೇಲೆ ಬರೆದು ನೋಡಲು ಅಂಜಿ, ರಾತ್ರಿಯಿಡೀ ಹೊರಳಾಡುವುದರಿಂದ ಸಾಲವೂ ತೀರದು, ನಿದ್ರೆಯೂ ಬಾರದು. ಇದ್ದುದನ್ನು ಇದ್ದ ಹಾಗೆ ನೋಡುವ ಧೈರ್ಯವೂ ನಿಗಾದ ಒಂದು ಭಾಗವೇ. ಆ ಭಾರ ಒಬ್ಬರಿಗೇ ಹೊರಲಾಗದಂತಿದ್ದರೆ ಮನೆಯವರೊಡನೆ, ವೈದ್ಯರೊಡನೆ ಬಾಯಿಬಿಟ್ಟು ಹೇಳಬೇಕು. ಅದರಲ್ಲಿ ನಾಚಿಕೆಯೇನೂ ಇಲ್ಲ.

ನಾವು ರೂಢಿಸಿಕೊಳ್ಳಲು ಯತ್ನಿಸುತ್ತಿರುವುದು ನಾಲ್ಕೇ ಅಭ್ಯಾಸ. ಬೆಳಗಿನ ತೋಟದ ಸುತ್ತಿಗೆ ಮೊಬೈಲನ್ನು ಮನೆಯಲ್ಲಿಟ್ಟು ಹೋಗುವುದು. ಧಾರಣೆಯನ್ನು ದಿನಕ್ಕೆ ಒಮ್ಮೆ ಮಾತ್ರ ನೋಡುವುದು. ಏಣಿ, ದೋಟಿ ಎತ್ತುವ ಮುಂಚೆ ಎಲ್ಲರೂ ಒಂದು ಗಳಿಗೆ ನಿಂತು ಮೇಲೆ ನೋಡುವುದು. ಸಂಜೆಯ ಒಂದು ಲೋಟ ಕಾಫಿಯನ್ನಾದರೂ ಮನೆಯವರ ಜತೆ ಕುಳಿತು, ಬೇರೇನೂ ಮಾಡದೆ ಕುಡಿಯುವುದು. ಊರಿಗೆಲ್ಲ ಕಾಫಿ ಬೆಳೆದು ಕೊಡುವ ನಮಗೆ ನಮ್ಮದೇ ಕಾಫಿಯ ರುಚಿ ಎಷ್ಟು ದಿನದಿಂದ ತಿಳಿದಿರಲಿಲ್ಲ ಎಂಬುದು ಮೊದಲ ದಿನವೇ ಗೊತ್ತಾಯಿತು.

ನಾಲ್ಕೂ ಎಲ್ಲ ದಿನ ನಡೆಯುತ್ತವೆ ಎಂದು ಹೇಳಲಾರೆವು. ಮೂರನೆಯದನ್ನು ಮಾತ್ರ ಒಂದು ದಿನವೂ ತಪ್ಪಿಸಿಲ್ಲ. ಸದಸ್ಯ ಬಂಧುಗಳು ಅದೊಂದನ್ನಾದರೂ ನಾಳೆಯಿಂದಲೇ ಆರಂಭಿಸಬೇಕೆಂದು ಕೋರುತ್ತೇವೆ.