ಮಾ ನುಡಿಯ ಜನ ಮತ್ತು ನಮ್ಮ ದೊಡ್ಡತನ



ಲಂಡನ್ನಿನ ನಮ್ಮ ಆಫೀಸಿನಲ್ಲಿ ಕೀನ್ಯಾದವನೊಬ್ಬ ಇದ್ದಾನೆ. ಮೊನ್ನೆ ಊಟದ ಹೊತ್ತಿನಲ್ಲಿ ನಾನು ಎಂದಿನಂತೆ ಬೆಂಗಳೂರಿನ ಗೋಳು ತೆಗೆದೆ. ಊರಿನ ಹೆಸರು ಕನ್ನಡದ್ದು, ಅಂಗಡಿಯಲ್ಲಿ ಮಾತು ಮಾತ್ರ ಬೇರೆಯದು! ಅವನು ನಕ್ಕು, "ನೈರೋಬಿ ಯಾವ ಭಾಷೆಯ ಹೆಸರು ಗೊತ್ತಾ?" ಅಂದ. ನನಗೆ ಗೊತ್ತಿರಲಿಲ್ಲ. ಅದು ಮಾ ನುಡಿಯ ಹೆಸರು, ತಣ್ಣನೆಯ ನೀರು ಅಂತ ಅರ್ಥ. ಇವತ್ತು ಆ ಊರಿನ ಬೀದಿಗಳಲ್ಲಿ ಕೇಳುವುದು ಸ್ವಾಹಿಲಿ ಮತ್ತು ಇಂಗ್ಲಿಷ್.

ಅವತ್ತು ಸಂಜೆಯೇ ಓದಲು ಕೂತೆ. ಮಸಾಯಿ ಅಂದರೆ ಮಾ ಆಡುವವರು. ಟಿವಿಯಲ್ಲಿ ಕೆಂಪು ಹೊದ್ದು ಎತ್ತರಕ್ಕೆ ಜಿಗಿಯುವ ಅವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಮಾ ಅವರೊಬ್ಬರದ್ದೇ ಅಲ್ಲ. ಉತ್ತರ ಕೀನ್ಯಾದ ಸಂಬುರು, ಬರಿಂಗೊ ಸರೋವರದ ದಂಡೆಯ ಚಾಮುಸ್, ಟಾಂಜಾನಿಯಾದಲ್ಲಿ ಬೇಸಾಯ ಮಾಡುವ ಅರುಷಾ ಜನರ ನುಡಿಗಳೂ ಇದೇ ಬಳಗದವು. ಕೀನ್ಯಾದ 2019ರ ಜನಗಣತಿಯಲ್ಲಿ ಮಸಾಯಿಗಳು ಸುಮಾರು 12 ಲಕ್ಷ, ಸಂಬುರುಗಳು 3.3 ಲಕ್ಷ. ಬ್ರಿಟನ್ ಮತ್ತು ಜರ್ಮನಿ 1886 ಮತ್ತು 1890ರಲ್ಲಿ ಎಳೆದ ಗೆರೆ ಈ ಜನರನ್ನು ಎರಡು ನಾಡಿಗೆ ಹಂಚಿಬಿಟ್ಟಿತು. 1904 ಮತ್ತು 1911ರ ಒಪ್ಪಂದಗಳ ಹೆಸರಲ್ಲಿ ಬ್ರಿಟಿಷರು ಮಸಾಯಿಗಳನ್ನು ಅವರ ಒಳ್ಳೆಯ ಹುಲ್ಲುಗಾವಲಿನಿಂದ ಎಬ್ಬಿಸಿದರು. 1913ರಲ್ಲಿ ಅವರು ಕೋರ್ಟಿಗೆ ಹೋದರು, ಸೋತರು.

'ನೋಡಿ, ನಮ್ಮ ಹಾಗೇ ನೊಂದ ಜನ' ಅಂತ ಬರೆದು ಮುಗಿಸೋಣ ಅಂದುಕೊಂಡಿದ್ದೆ. ಆಗ ಸಿಕ್ಕಿತು 'ಯಾಕು' ಎಂಬ ಸಣ್ಣ ಪಂಗಡದ ಕತೆ.

ಕೀನ್ಯಾ ಪರ್ವತದ ಉತ್ತರಕ್ಕೆ ಮುಕೊಗೊಡೊ ಕಾಡಿದೆ. ಅಲ್ಲಿ ಬೇಟೆಯಾಡಿ, ಜೇನು ಕಿತ್ತು ಬದುಕುತ್ತಿದ್ದ ಯಾಕು ಜನರಿಗೆ ತಮ್ಮದೇ ನುಡಿ ಇತ್ತು. ಮಾ ಬಳಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಸುತ್ತಲಿನ ಮಾ ಜನರಿಗೆ ಅವರು ದನವಿಲ್ಲದ ಬಡವರು. ಯಾಕುಗಳು ಹೆಣ್ಣಿಗೆ ತೆರವಾಗಿ ಜೇನುಗೂಡು ಕೊಡುತ್ತಿದ್ದರು, ನೆರೆಯವರು ದನ ಕೊಡುತ್ತಿದ್ದರು. ಜೇನುಗೂಡಿನ ಬೆಲೆ ಬಿತ್ತು. ದನ ಬೇಕಾಯಿತು, ದನದ ಜೊತೆಗೆ ಮಾ ನುಡಿಯೂ ಬಂತು. 1920 ಮತ್ತು 30ರ ದಶಕಗಳಲ್ಲಿ ಹೆಚ್ಚುಕಮ್ಮಿ ಒಂದೇ ತಲೆಮಾರಿನೊಳಗೆ ಇಡೀ ಪಂಗಡವೇ ಮಾ ಕಡೆಗೆ ಹೊರಳಿತು. ಈಗ ಅವರನ್ನು ಮುಕೊಗೊಡೊ ಮಸಾಯಿ ಅಂತಲೇ ಕರೆಯುತ್ತಾರೆ. ಯಾರೂ ಕಾನೂನು ಮಾಡಲಿಲ್ಲ, ಯಾರೂ ಕೋಲು ಹಿಡಿಯಲಿಲ್ಲ. ಕೀಳಾಗಿ ಕಂಡದ್ದೇ ಸಾಕಾಯಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ಹೌನ್ಸ್ಲೋದ ಬಾಡಿಗೆ ಹಾಲಿನಲ್ಲಿ ನಾವು ನಡೆಸುವ ಶನಿವಾರದ ಕನ್ನಡ ತರಗತಿ. ಕೊಡವರೊಬ್ಬರು ಮಗಳನ್ನು ಸೇರಿಸಲು ಬಂದಿದ್ದರು. "ಮನೇಲಿ ಕೊಡವ ತಕ್ಕ್ ಮಾತಾಡ್ತೀವಿ, ಕನ್ನಡಾನೂ ಕಲೀಲಿ ಅಂತ" ಎಂದರು. ನಾನು ದೊಡ್ಡದಾಗಿ, "ಅದೂ ಕನ್ನಡವೇ ಅಲ್ವೇ ಸಾರ್, ಸ್ವಲ್ಪ ಬೇರೆ ಥರ ಅಷ್ಟೇ" ಅಂದೆ. ಅವರು ಏನೂ ಹೇಳಲಿಲ್ಲ. ಎರಡು ವಾರದ ಮೇಲೆ ಮಗು ಬರುವುದು ನಿಂತಿತು.

ಕನ್ನಡ ಹಿಂದಿಯ ಒಂದು ಬಗೆ ಅಂತ ಯಾರಾದರೂ ಅಂದಿದ್ದರೆ ಈ ಪತ್ರಿಕೆಯಲ್ಲಿ ನಾನೇ ಮೂರು ಪುಟ ಬರೆಯುತ್ತಿರಲಿಲ್ಲವೇ?

2011ರ ಜನಗಣತಿಯಲ್ಲಿ ಕೊಡವ ತಾಯಿನುಡಿ ಎಂದವರು 1.14 ಲಕ್ಷ. ಯುನೆಸ್ಕೋದ ಅಳಿವಿನಂಚಿನ ನುಡಿಗಳ ಪಟ್ಟಿಯಲ್ಲಿ ಕೊಡವವೂ ಇದೆ, ಕೊರಗವೂ ಇದೆ. ಇವುಗಳ ಮುಂದೆ ನಾವು ಸಣ್ಣವರಲ್ಲ, ನಾವೇ ದೊಡ್ಡಣ್ಣ.

ಹಿಂದಿ ಹೇರಿಕೆಯನ್ನು ಎದುರಿಸುವುದು ಬಿಡೋಣ ಅಂತ ನಾನು ಹೇಳುತ್ತಿಲ್ಲ. ಕೇರಳ 2017ರಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು ಸರಿಯೇ. ಆದರೆ ಅವರು ಅಲ್ಲಿ ಕೇಳುವ ಮರ್ಯಾದೆಯನ್ನು ನಾವು ಇಲ್ಲಿ ಕೊಡದಿದ್ದರೆ ನಮ್ಮ ಹೋರಾಟಕ್ಕೆ ಏನು ಬೆಲೆ?

ನನ್ನ ಸಲಹೆ ಸಣ್ಣದು. ತರಗತಿಗೆ ಸೇರುವ ಅರ್ಜಿಯಲ್ಲಿ 'ಮನೆಮಾತು' ಅಂತ ಒಂದು ಸಾಲು ಇರಲಿ. ತುಳು, ಕೊಡವ, ಕೊಂಕಣಿ, ಬ್ಯಾರಿ, ಏನು ಬರೆದರೂ ತಿದ್ದುವುದು ಬೇಡ. ವಾರಕ್ಕೆ ಹತ್ತು ನಿಮಿಷ ಆ ಮಕ್ಕಳು ತಮ್ಮ ನುಡಿಯ ನಾಲ್ಕು ಮಾತನ್ನು ಉಳಿದವರಿಗೆ ಕಲಿಸಲಿ. ಇದರಿಂದ ಕನ್ನಡಕ್ಕೆ ನಷ್ಟವೇನೂ ಇಲ್ಲ, ಒಂದಷ್ಟು ಹೊಸ ಗೆಳೆಯರು ಸಿಕ್ಕಾರು.

ಆ ಕೊಡವ ತಂದೆಗೆ ನಾಳೆ ಫೋನ್ ಮಾಡುತ್ತೇನೆ. ಮೊದಲು ಕ್ಷಮೆ ಕೇಳಬೇಕು, ಆಮೇಲೆ ಮಗಳನ್ನು ಮತ್ತೆ ಕಳಿಸಿ ಅಂತ ಕೇಳಬೇಕು. ನೀವೇನಂತೀರಿ?