ಪುಕ್ಕಟೆ ಕಾಫಿ ಯಂತ್ರದ ನಿಜವಾದ ಬೆಲೆ



ಮನೆಗೆ ಬಂದವರನ್ನು "ಆಸರಿಗೆ ಏನು ಬೇಕು?" ಎಂದು ಕೇಳುವುದು ನಮ್ಮ ಕರಾವಳಿಯ ರೂಢಿ. ಅಂಗಡಿ, ಗೋದಾಮು, ಕಿರು ಕಾರ್ಖಾನೆಗಳಲ್ಲಿಯೂ ಈ ಸತ್ಸಂಪ್ರದಾಯ ಉಳಿದುಬಂದಿದೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಕಾಯ್ಕಿಣಿ, ಮುರ್ಡೇಶ್ವರದಂತಹ ಊರುಗಳ ವ್ಯವಹಾರಸ್ಥರೂ ಕಾಫಿ ಯಂತ್ರವನ್ನು ಇಡಬೇಕೇ, ಇಡುವುದಾದರೆ ಯಾವುದನ್ನು ಎಂದು ಕೇಳತೊಡಗಿದ್ದಾರೆ. ಪ್ರಶ್ನೆ ಸಣ್ಣದು, ಆದರೆ ಇದರಲ್ಲಿ ಕೈಸುಟ್ಟುಕೊಂಡವರ ಪೈಕಿ ನಾನೂ ಒಬ್ಬನಾದ್ದರಿಂದ ನಾಲ್ಕು ಮಾತು ಬರೆಯಲು ಉದ್ಯುಕ್ತನಾಗಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ಕಚೇರಿಗೆ ಬಂದ ಮಾರಾಟ ಪ್ರತಿನಿಧಿಯೊಬ್ಬರು ಯಂತ್ರವನ್ನು ಪುಕ್ಕಟೆಯಾಗಿ ಇಟ್ಟುಹೋಗುವುದಾಗಿ ಹೇಳಿದರು. ತಿಂಗಳಿಗೆ ಕನಿಷ್ಠ 10 ಕಿಲೋ ಪುಡಿಯನ್ನು ಅವರಿಂದಲೇ ಕೊಳ್ಳಬೇಕೆಂಬುದು ಒಪ್ಪಂದದ ಶರತ್ತು. ಊರವರ ಲೆಕ್ಕಪತ್ರಗಳನ್ನು ಸಾಲುಸಾಲಾಗಿ ಪರಿಶೀಲಿಸುವ ನಾನು, ಆ ಒಂದು ಸಾಲಿನ ಮುಂದೆ ಪೆನ್ಸಿಲ್ ಹಿಡಿಯಲಿಲ್ಲ. ನಾವಿದ್ದುದು ಒಂಬತ್ತು ಜನ. ದಿನಕ್ಕೆ ಎರಡು ಕಪ್ಪು, ಕಪ್ಪಿಗೆ 14 ಗ್ರಾಂ, ತಿಂಗಳಿಗೆ 25 ದಿನವೆಂದರೂ ಬೇಕಾದದ್ದು 6.3 ಕಿಲೋ ಮಾತ್ರ. ಉಳಿದ ಪುಡಿಯು ಆಷಾಢದ ಮಳೆಗೆ ಕಲ್ಲಾಗಿ, ಕೊನೆಗೆ ಕಸದ ಪಾಲಾಯಿತು.

ಈಗ ಸ್ವಲ್ಪ ದೊಡ್ಡ ಘಟಕವೊಂದನ್ನು ಕಲ್ಪಿಸಿಕೊಳ್ಳೋಣ. ಕೆಲಸಗಾರರು 25, ದಿನಕ್ಕೆ ಎರಡು ಕಪ್ಪು, ವರ್ಷಕ್ಕೆ 300 ದಿನ. ಒಟ್ಟು 15,000 ಕಪ್ಪು. ಯಂತ್ರದ ಬೆಲೆ 20,000 ರೂಪಾಯಿ, ಬಾಳಿಕೆ ಐದು ವರ್ಷವೆಂದು ಇಟ್ಟುಕೊಂಡರೆ ವರ್ಷಕ್ಕೆ 4,000 ರೂಪಾಯಿ, ಅಂದರೆ ಕಪ್ಪಿಗೆ ಸುಮಾರು 27 ಪೈಸೆ. ಪುಡಿಯ ದರ ಕಿಲೋಗೆ 400 ರೂಪಾಯಿಯಾದರೆ ಕಪ್ಪಿಗೆ 5.60 ರೂಪಾಯಿ, ವರ್ಷಕ್ಕೆ 84,000 ರೂಪಾಯಿ. ನಾವಾದರೋ ಯಂತ್ರದ ಬೆಲೆಗೆ ಚೌಕಾಸಿ ಮಾಡಿ, ಪುಡಿಯ ಬೆಲೆಗೆ ಕಣ್ಣುಮುಚ್ಚಿ ಸಹಿ ಹಾಕುತ್ತೇವೆ! ಯಂತ್ರವು ಕಪ್ಪೊಂದಕ್ಕೆ ಒಂದೇ ಗ್ರಾಂ ಹೆಚ್ಚು ಸುರಿದರೂ ವರ್ಷಕ್ಕೆ 6,000 ರೂಪಾಯಿ ಹೋಯಿತು. ಇದು ಯಂತ್ರದ ವಾರ್ಷಿಕ ವೆಚ್ಚಕ್ಕಿಂತ ಅಧಿಕ. ಇದೇ ಘಟಕಕ್ಕೆ ತಿಂಗಳಿಗೆ 17.5 ಕಿಲೋ ಸಾಕಾಗಿರುವಾಗ 20 ಕಿಲೋ ಕನಿಷ್ಠ ಖರೀದಿಯ ಶರತ್ತಿದ್ದರೆ, ವರ್ಷಕ್ಕೆ 12,000 ರೂಪಾಯಿಯ ಪುಡಿ ವ್ಯರ್ಥ. ಮೂರು ವರ್ಷದಲ್ಲಿ ಪುಕ್ಕಟೆ ಯಂತ್ರಕ್ಕೆ ಕೊಂಡ ಯಂತ್ರಕ್ಕಿಂತ ಹೆಚ್ಚು ತೆತ್ತಂತಾಯಿತು.

ತೆರಿಗೆಯ ವಿಷಯವನ್ನೂ ಮರೆಯಲಾಗದು. ಜಿಎಸ್‌ಟಿ ಕಾಯಿದೆಯ 17(5)ನೇ ಕಲಮಿನಂತೆ ಆಹಾರ ಪಾನೀಯಗಳ ಮೇಲೆ ತೆತ್ತ ತೆರಿಗೆಗೆ ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ದೊರೆಯದು. ಅವನ್ನು ಒದಗಿಸುವುದು ಕಾನೂನಿನಿಂದಲೇ ಕಡ್ಡಾಯವಾಗಿದ್ದರೆ ಮಾತು ಬೇರೆ. 1948ರ ಕಾರ್ಖಾನೆ ಕಾಯಿದೆಯು ಕ್ಯಾಂಟೀನಿಗೆ 250 ಕೆಲಸಗಾರರ ಮಿತಿಯನ್ನು ಇಟ್ಟಿತ್ತು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ಅದನ್ನು 100ಕ್ಕೆ ಇಳಿಸಿದೆ. ನಮ್ಮ ಬಹುತೇಕ ಸಣ್ಣ ಘಟಕಗಳು ಅದರ ಕೆಳಗೇ ಇರುವುದರಿಂದ, ಪುಡಿಯ ಮೇಲಿನ ತೆರಿಗೆಯನ್ನು ವೆಚ್ಚವೆಂದೇ ಎಣಿಸತಕ್ಕದ್ದು. ಯಂತ್ರವನ್ನು ಸ್ವಂತಕ್ಕೆ ಕೊಳ್ಳುವುದಾದರೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಡಬೇಡಿ. ಆ ಮೊತ್ತದ ಮೇಲೆ ಸವಕಳಿ ದೊರೆಯುವುದಿಲ್ಲ.

ಇನ್ನು ಕಪ್ಪಿನೊಳಗಿನ ವಿಚಾರ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬೆಳೆಯುವುದು ನಮ್ಮ ರಾಜ್ಯದಲ್ಲಿಯೇ. ಘಟ್ಟ ಹತ್ತಿದರೆ ತೋಟಗಳ ನಾಡು. ಘಟ್ಟದ ಕೆಳಗೆ ನಾವು ಕುಡಿಯುವುದು ಹಾಲಿನ ಪುಡಿ, ಸಕ್ಕರೆಗಳ ನಡುವೆ ಕಾಫಿಯನ್ನು ಹುಡುಕಬೇಕಾದ ಮಿಶ್ರಣ! ಕಾಫಿ-ಚಿಕೋರಿ ಪುಡಿಯಲ್ಲಿ ಕಾಫಿಯ ಅಂಶ ಶೇಕಡಾ 51ಕ್ಕೆ ಕಡಿಮೆಯಿರಕೂಡದೆಂದೂ, ಪ್ರಮಾಣವನ್ನು ಚೀಟಿಯ ಮೇಲೆ ನಮೂದಿಸಬೇಕೆಂದೂ ನಿಯಮವಿದೆ. ಚೀಟಿಯನ್ನು ಓದಿರಿ. ಸಕ್ಕರೆ ಬೆರೆಸದ ಪುಡಿಯನ್ನೇ ಕೇಳಿರಿ; ಮಧುಮೇಹವುಳ್ಳ ನೌಕರನು ಸಂಕೋಚದಿಂದ ಸಿಹಿ ಕಾಫಿಯನ್ನೇ ಕುಡಿಯುವ ಪ್ರಸಂಗ ಬಾರದಿರಲಿ. ತಾಜಾ ಹಾಲಿನ ಯಂತ್ರದ ರುಚಿ ಉತ್ತಮ, ಆದರೆ ನಳಿಗೆಗಳನ್ನು ಪ್ರತಿದಿನ ತೊಳೆಯಲೇಬೇಕು. ತೊಳೆಯುವವರಾರೆಂದು ನಿಶ್ಚಯಿಸದೆ ಅದನ್ನು ತರಬೇಡಿ. ಕಡಲ ತೇವ, ಉಪ್ಪುಗಾಳಿ, ಮಳೆಗಾಲದ ವಿದ್ಯುತ್ ವ್ಯತ್ಯಯ ಇವು ಬೆಂಗಳೂರಿನಲ್ಲಿ ಮುದ್ರಿತವಾದ ಕರಪತ್ರದಲ್ಲಿ ಇರುವುದಿಲ್ಲ. ರಿಪೇರಿಯವನು ಎಲ್ಲಿಂದ, ಎಷ್ಟು ದಿನದಲ್ಲಿ ಬರುವನೆಂಬುದನ್ನು ಲಿಖಿತವಾಗಿ ಪಡೆಯಿರಿ.

ಹಾಗಾದರೆ ನನ್ನ ಅಭಿಪ್ರಾಯವೇನು? ಹದಿನೈದು ಜನರಿಗಿಂತ ಕಡಿಮೆಯಿರುವಲ್ಲಿ ಯಂತ್ರವೇ ಬೇಡ. ನನ್ನ ಕಚೇರಿಯಲ್ಲಿ 10 ಕಿಲೋಗೆ 4,000 ರೂಪಾಯಿ ತೆತ್ತು ಕುಡಿದದ್ದು 450 ಕಪ್ಪು, ಅಂದರೆ ಕಪ್ಪಿಗೆ ಸುಮಾರು ಒಂಬತ್ತು ರೂಪಾಯಿ. ಪಕ್ಕದ ಗೂಡಂಗಡಿಯವನು ಹತ್ತು ರೂಪಾಯಿಗೆ ಬಿಸಿಬಿಸಿಯಾಗಿ ತಂದುಕೊಟ್ಟು, ಲೋಟವನ್ನೂ ತೊಳೆದುಕೊಂಡು ಹೋಗುತ್ತಾನೆ. ಕುಡಿದಷ್ಟಕ್ಕೆ ಮಾತ್ರ ಲೆಕ್ಕ, ಕನಿಷ್ಠ ಖರೀದಿಯಿಲ್ಲ. ಚಹಾ ಬೇಕೆಂದವರಿಗೆ ಚಹಾ, ಕಷಾಯ ಬೇಕೆಂದವರಿಗೆ ಕಷಾಯ. ತಿಂಗಳಿಗೆ ಐನೂರು ರೂಪಾಯಿಯ ವ್ಯತ್ಯಾಸದಲ್ಲಿ ಒಂದು ಕುಟುಂಬದ ಜೀವನೋಪಾಯವೂ ನಡೆಯುತ್ತದೆ. ಅವನೂ ನಮ್ಮಂತೆಯೇ ವ್ಯಾಪಾರಿಯಲ್ಲವೇ? ನಾನು ಯಂತ್ರವನ್ನು ಹಿಂತಿರುಗಿಸಿ ಅವನ ಲೆಕ್ಕದ ಪುಸ್ತಕವನ್ನು ಮತ್ತೆ ತೆರೆದಿದ್ದೇನೆ.

ಜನ ಹೆಚ್ಚಿರುವಲ್ಲಿ ಯಂತ್ರವನ್ನು ಅವಶ್ಯವಾಗಿ ಇಡಿರಿ. ಆದರೆ ಸ್ವಂತಕ್ಕೆ ಕೊಂಡು, ಪುಡಿಯನ್ನು ಯಾರಿಂದಲಾದರೂ ತರುವ ಸ್ವಾತಂತ್ರ್ಯ ಉಳಿಸಿಕೊಳ್ಳಿರಿ. ಕೊನೆಯದಾಗಿ, ಅದನ್ನು ಮಾಲೀಕರ ಕೋಣೆಯ ಬಾಗಿಲಲ್ಲಿ ಇಡಬೇಡಿ. ಮೂಟೆ ಹೊರುವವನು ಅಲ್ಲಿಗೆ ಬರಲು ಹಿಂಜರಿದರೆ ಆ ವೆಚ್ಚವನ್ನು "ಸಿಬ್ಬಂದಿ ಕಲ್ಯಾಣ" ಎಂಬ ಶಿರೋನಾಮೆಯಲ್ಲಿ ಬರೆಯುವುದು ನನ್ನ ಲೆಕ್ಕದಲ್ಲಿ ತಪ್ಪು ನಮೂದು.