ಆಪರೇಷನ್ ಆಯಿತು, ಇನ್ನು ಪಾದಕ್ಕೆ ರಜೆ ಕೊಡಿ

ಸಹೋದರಿಯರೇ, ನಿಮ್ಮ ಮನೆಯಲ್ಲಿ ಒಬ್ಬರು ಕಾಲಿನ ಆಪರೇಷನ್ ಮುಗಿಸಿ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಅತ್ತೆ ಇರಬಹುದು, ತಾಯಿ ಇರಬಹುದು, ನೀವೇ ಇರಬಹುದು. ಸಕ್ಕರೆ ಕಾಯಿಲೆಯಿಂದ ಕಪ್ಪಾದ ಬೆರಳನ್ನು ತೆಗೆದಿದ್ದಾರೆ, ಇಲ್ಲವೇ ಅಂಗಾಲಿನ ಹುಣ್ಣನ್ನು ಕೊಯ್ದು ಶುಚಿ ಮಾಡಿದ್ದಾರೆ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಎರಡೆರಡು ಸಲ ಹೇಳಿದ ಮಾತು ಒಂದೇ: ಕಾಲು ಊರಬೇಡಿ. ಮೂರನೆಯ ದಿನ ಹೋಗಿ ನೋಡಿದರೆ ಆಕೆ ಎಲ್ಲಿರುತ್ತಾರೆ? ಒಲೆಯ ಮುಂದೆ. ಕೇಳಿದರೆ, "ಹಿಮ್ಮಡಿ ಊರಿ ನಡೆಯುತ್ತೇನೆ, ನೋವೇನೂ ಇಲ್ಲ" ಎನ್ನುತ್ತಾರೆ.

ನೋವಿಲ್ಲದಿರುವುದೇ ಇಲ್ಲಿ ಅಪಾಯ. ಇದು ನಮ್ಮ ಕಡೆಗೆ ಹೊಸ ಪಾಠವೂ ಅಲ್ಲ. ಯಳಂದೂರು ತಾಲೂಕಿನಲ್ಲಿ ಕುಷ್ಠರೋಗ ಬಹಳ ಇದ್ದ ಕಾಲದಲ್ಲಿ, 1986ರಲ್ಲಿ, ಅದನ್ನು ಹತೋಟಿಗೆ ತರಲೆಂದೇ ಡಾ. ಎಚ್. ಸುದರ್ಶನ್ ಮತ್ತು ಅವರ ಜೊತೆಗಾರರು ಕರುಣಾ ಟ್ರಸ್ಟ್ ಕಟ್ಟಿದರು. ಕುಷ್ಠ ರೋಗಿಗಳ ಬೆರಳನ್ನು ರೋಗವೇ ತಿಂದುಹಾಕುತ್ತದೆ ಎಂದು ಜನ ನಂಬಿದ್ದರು. ಹಾಗಲ್ಲ ಎಂದು ತೋರಿಸಿದವರಲ್ಲಿ ವೆಲ್ಲೂರಿನಲ್ಲಿ ದುಡಿದ ಶಸ್ತ್ರವೈದ್ಯ ಡಾ. ಪಾಲ್ ಬ್ರ್ಯಾಂಡ್ ಮುಖ್ಯರು. ನರಗಳು ಸತ್ತು ನೋವು ತಿಳಿಯುವುದಿಲ್ಲ, ನೋವು ತಿಳಿಯದ್ದರಿಂದ ರೋಗಿ ಗಾಯದ ಮೇಲೇ ನಡೆಯುತ್ತಾನೆ, ನಡೆದಷ್ಟೂ ಗಾಯ ಆಳವಾಗುತ್ತದೆ. ಭಾರ ಬೀಳದಂತೆ ಮಾಡಿದರೆ ಅದೇ ಪಾದ ಮಾಗುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಕಥೆಯೂ ಇದೇ. ನೋವಿದ್ದರೆ ನಮ್ಮ ಹೆಂಗಸರು ಕುಳಿತುಕೊಳ್ಳುತ್ತಿದ್ದರೇನೋ! ನೋವಿಲ್ಲದ್ದರಿಂದ ಎದ್ದು ಓಡಾಡುತ್ತಾರೆ. ಒಂದು ಬೆರಳಿನಲ್ಲಿ ಮುಗಿಯಬೇಕಾದದ್ದು ಎರಡನೆಯ ಆಪರೇಷನ್‌ನಲ್ಲಿ ಅರ್ಧ ಪಾದಕ್ಕೆ, ಮೂರನೆಯದರಲ್ಲಿ ಮೊಣಕಾಲಿನವರೆಗೆ ಹೋಗುವುದು ಹೀಗೆ.

ಆದ್ದರಿಂದ ಮನೆಯವರು ಮೊದಲು ನೋಡಬೇಕಾದದ್ದು ಮಾತ್ರೆಯ ಡಬ್ಬಿಯನ್ನಲ್ಲ, ಮನೆಯನ್ನು. ಚಾಪೆಯ ಮೇಲೆ ಮಲಗಿದವರು ಏಳಬೇಕಾದರೆ ಪಾದ ಊರಲೇಬೇಕು. ಮಂಚ ಕೊಡಿ. ಕಾಲಿನ ಕೆಳಗೆ ಎರಡು ದಿಂಬಿಟ್ಟು ಪಾದವನ್ನು ಎದೆಯ ಮಟ್ಟಕ್ಕಿಂತ ಎತ್ತರಿಸಿದರೆ ಊತ ಇಳಿಯುತ್ತದೆ (ಕಾಲಿನ ರಕ್ತಸಂಚಾರ ತೀರಾ ಕಡಿಮೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಎತ್ತರಿಸಬೇಕು). ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ ಬೇಡವೇ ಬೇಡ. ನಡುವೆ ತೂತಿರುವ ಕಮೋಡ್ ಕುರ್ಚಿ ಸಿಗುತ್ತದೆ, ಅದೇ ಸಾಕು. ಕೊಳ್ಳೇಗಾಲದಲ್ಲಿ ಮನೆಯಲ್ಲೇ ರೇಷ್ಮೆ ನೂಲು ಬಿಚ್ಚುವವರಿದ್ದಾರೆ. ಗೂಡು ಬೇಯಿಸುವ ನೀರು ಚೆಲ್ಲಿ ಅಲ್ಲಿನ ನೆಲ ಸದಾ ಒದ್ದೆ. ಗಾಯ ಒಣಗುವವರೆಗೆ ಆಕೆ ಆ ಕಡೆ ತಲೆ ಹಾಕಕೂಡದು. ಕೂಲಿ ತಪ್ಪುತ್ತದೆ ಎನ್ನುವಿರಿ. ನಿಜ. ಆದರೆ ಇನ್ನೊಂದು ಆಪರೇಷನ್ನಿನ ಖರ್ಚಿನ ಮುಂದೆ ಎರಡು ತಿಂಗಳ ಕೂಲಿ ದೊಡ್ಡದಲ್ಲ.

ಇನ್ನು ವುಝೂ. ದಿನಕ್ಕೆ ಐದು ಸಲ ಬಚ್ಚಲಿಗೆ ನಡೆದು, ಬ್ಯಾಂಡೇಜ್ ಬಿಚ್ಚಿ, ಕಾಲು ತೊಳೆಯುವ ಧರ್ಮನಿಷ್ಠೆಯನ್ನು ಹಲವು ಹಿರಿಯರಲ್ಲಿ ಕಂಡಿದ್ದೇನೆ. ಅವರಿಗೆ ಅಬೂದಾವೂದ್‌ನಲ್ಲಿರುವ ಒಂದು ಘಟನೆ ಹೇಳಬೇಕು. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲೇಟಿನ ಗಾಯವಾಗಿತ್ತು. ಸ್ನಾನ ಕಡ್ಡಾಯವಾದಾಗ, ತಯಮ್ಮುಮ್ ಸಾಕೇ ಎಂದು ಜೊತೆಯವರನ್ನು ಕೇಳಿದರು. ನೀರಿರುವಾಗ ರಿಯಾಯಿತಿ ಇಲ್ಲವೆಂದರು ಅವರು. ಆತ ಸ್ನಾನ ಮಾಡಿದರು, ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿ(ಸ) ಆ ಸಾವಿನ ಹೊಣೆಯನ್ನು ಜೊತೆಯವರ ಮೇಲೆಯೇ ಹೊರಿಸಿದರು. ತಿಳಿಯದಿದ್ದರೆ ಕೇಳಬೇಕಿತ್ತು ಎಂದು ಗದರಿದರು. ಗಾಯಕ್ಕೆ ನೀರು ಹಾಕಿಸುವ ನಮ್ಮ ಮನೆಯ ಹಿರಿಯರು ಇದನ್ನು ಎರಡು ಸಲ ಕೇಳಿಸಿಕೊಳ್ಳಲಿ. ಉಳಿದ ಅಂಗಗಳನ್ನು ಕುಳಿತಲ್ಲೇ ಚೊಂಬು, ಬೋಗುಣಿ ಇಟ್ಟುಕೊಂಡು ತೊಳೆದು, ಬ್ಯಾಂಡೇಜಿನ ಮೇಲೆ ನೀರು ಕೊಡವಿದ ಕೈಯಿಂದ ಮಸಹ್ ಮಾಡಿದರಾಯಿತು. ಕಾಲುಚೀಲದ ಮಸಹ್‌ಗಿರುವ ದಿನಗಳ ಮಿತಿ ಇದಕ್ಕಿಲ್ಲ. ಅಷ್ಟು ತೇವವೂ ಕೂಡದೆಂದು ಡಾಕ್ಟರು ಹೇಳಿದ್ದರೆ ಹನಫೀ ಮದ್‌ಹಬ್‌ನಂತೆ ಅದನ್ನೂ ಬಿಡಬಹುದು. ಶಾಫಿಈ ಮದ್‌ಹಬ್‌ನವರು ಇದರೊಂದಿಗೆ ತಯಮ್ಮುಮ್ ಕೂಡ ಮಾಡುತ್ತಾರೆ.

ನಮಾಝ್‌ಗೆ ನಿಲ್ಲಲಾಗದೆಂದು ಕಣ್ಣೀರು ಹಾಕುವವರೂ ಇದ್ದಾರೆ. ಮದೀನಾದಲ್ಲಿ ಒಮ್ಮೆ ಪ್ರವಾದಿ(ಸ) ಕುದುರೆಯಿಂದ ಬಿದ್ದು, ಖರ್ಜೂರದ ಮರದ ಬೊಡ್ಡೆ ತಗುಲಿ, ಪಾದದ ಕೀಲು ತಪ್ಪಿತು. ಹ. ಜಾಬಿರ್(ರ) ಮತ್ತು ಜೊತೆಗಾರರು ನೋಡಲು ಹೋದಾಗ ಪ್ರವಾದಿವರ್ಯರು(ಸ) ಹ. ಆಯಿಶಾ(ರ)ರ ಕೋಣೆಯಲ್ಲಿ ಕುಳಿತೇ ನಮಾಝ್ ಮಾಡುತ್ತಿದ್ದರು. ರಾತ್ರಿ ನಮಾಝ್‌ನಲ್ಲಿ ಪಾದ ಊದಿಕೊಳ್ಳುವಷ್ಟು ಹೊತ್ತು ನಿಲ್ಲುತ್ತಿದ್ದವರೂ ಅವರೇ ಅಲ್ಲವೇ? ಪಾದಕ್ಕೆ ಪೆಟ್ಟಾದಾಗ ಕುಳಿತರು. ನೀವೂ ಮಂಚದ ಮೇಲೆ ಕಾಲು ಚಾಚಿ ಕುಳಿತೇ ಮಾಡಿ. ರುಕೂವಿಗಿಂತ ಸುಜೂದ್‌ಗೆ ತಲೆಯನ್ನು ಸ್ವಲ್ಪ ಹೆಚ್ಚು ಬಾಗಿಸಿ. ಕಿಬ್ಲಾ ಕಡೆ ಕಾಲು ಚಾಚಬೇಕಾಗುತ್ತದಲ್ಲಾ ಎಂದು ನಮ್ಮಲ್ಲಿ ಬಹಳ ಮಂದಿ ಹೆದರುತ್ತಾರೆ. ಮಡಚಲಾಗದ ರೋಗಿಗೆ ಅದರಲ್ಲಿ ದೋಷವಿಲ್ಲ.

ಇನ್ನು ನೋಡಲು ಬರುವವರ ವಿಷಯ! ರೋಗಿಯನ್ನು ಸಂದರ್ಶಿಸುವುದು ಸುನ್ನತ್, ಆದರೆ ಹನೂರಿನಿಂದ ಮೂವರು ಬಂದು ಅಸರ್‌ನಿಂದ ಇಶಾವರೆಗೆ ಕುಳಿತರೆ ಚಹಾ ಮಾಡಲು ಏಳುವುದು ಯಾರು? ಮನೆಯಲ್ಲಿ ಬೇರೆ ಹೆಂಗಸರಿಲ್ಲದಿದ್ದರೆ ರೋಗಿಯೇ. ಹೋದವರು ದುಆ ಮಾಡಿ, ಸಾಧ್ಯವಾದರೆ ಪಾತ್ರೆ ತೊಳೆದಿಟ್ಟು ಬನ್ನಿ. ಸಕ್ಕರೆ ಕಾಯಿಲೆಯವರಿಗೆ ಬೇಕರಿಯ ಕೇಕ್ ಒಯ್ಯುವ ಬುದ್ಧಿ ನಮಗೆ ಎಲ್ಲಿಂದ ಬಂತೋ! ಮೊಟ್ಟೆ ಕೊಡಿ. ಮೊಟ್ಟೆ, ಮೀನು ನಂಜು, ಗಾಯ ಕೀವಾಗುತ್ತದೆ ಎಂದು ಬರೀ ಗಂಜಿ ಕೊಡುವ ಮನೆಗಳು ಇನ್ನೂ ಇವೆ. ಹೊಸ ಮಾಂಸ ಬೆಳೆಯುವುದು ಪ್ರೋಟೀನ್‌ನಿಂದ. ಮೊಟ್ಟೆ, ಮೀನು, ಬೇಳೆ, ಹುರುಳಿ ತಿನ್ನಲಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಎಷ್ಟು ಎಂದು ಡಾಕ್ಟರನ್ನು ಕೇಳಲಿ.

ಗಾಯಕ್ಕೆ ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಬಿಸಿನೀರಿನ ಶಾಖವಂತೂ ಕೂಡದು, ಸ್ಪರ್ಶ ಸತ್ತ ಚರ್ಮ ಸುಟ್ಟರೂ ತಿಳಿಯದು. ಬ್ಯಾಂಡೇಜಿನಿಂದ ವಾಸನೆ, ಕೀವು, ಮೇಲಕ್ಕೇರುವ ಕೆಂಪು, ಚಳಿಜ್ವರ ಕಂಡರೆ ಮುಂದಿನ ತಾರೀಖಿಗೆ ಕಾಯಬೇಡಿ. ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ. ಡ್ರೆಸಿಂಗ್‌ಗೆ ಪ್ರತಿ ಸಲ ಹನೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಹೋದರೆ ಪಾದ ಮತ್ತೆ ಊದುತ್ತದೆ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಮಾಡಿಸಬಹುದೇ ಎಂದು ಕೇಳಿ, ಚೀಟಿ ಬರೆಸಿಕೊಳ್ಳಿ.

ಪಾದದ ಹೊಲಿಗೆ ಬಿಚ್ಚಲು ಎರಡು ಮೂರು ವಾರ ಹಿಡಿಯುತ್ತದೆ. ಬಿಚ್ಚಿದ ದಿನವೇ ನಡೆಯಬಹುದೆಂದಲ್ಲ, ಅದನ್ನು ಡಾಕ್ಟರು ಹೇಳಬೇಕು. ಅಲ್ಲಿಯವರೆಗೆ ಇಡೀ ದೇಹದ ಭಾರ ಹೊರುವುದು ಇನ್ನೊಂದು ಪಾದ. ಅದಕ್ಕೂ ಸ್ಪರ್ಶ ಕಡಿಮೆಯೇ. ದಿನಾ ರಾತ್ರಿ ಮಗಳೋ ಸೊಸೆಯೋ ಬೆಳಕಿನಲ್ಲಿ ಅದರ ಅಂಗಾಲನ್ನೂ ಬೆರಳುಸಂದಿಗಳನ್ನೂ ನೋಡಲಿ.